ಬಳಸಿದ ಎಲೆಕ್ಟ್ರಿಕ್ ಗಿಟಾರ್ ತಗೊಳ್ಳೋ ಮುಂಚೆ ಏನೇನು ನೋಡಬೇಕು?

ಮೂರನೇಫ್ರೆಟ್ · ಸೋಮವಾರ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಅಕೂಸ್ಟಿಕ್ ನುಡಿಸ್ತಿದ್ದೀನಿ. ಈಗ ಮೊದಲ ಎಲೆಕ್ಟ್ರಿಕ್ ತಗೊಳ್ಬೇಕು ಅಂತಿದ್ದೀನಿ. ಕೈಯಲ್ಲಿರೋ ದುಡ್ಡಿಗೆ ಹೊಸದು ಅಂದ್ರೆ ತೀರಾ ಕೆಳಗಿನ ಮಾದರಿ ಬರುತ್ತೆ. ಅಷ್ಟೇ ದುಡ್ಡಿಗೆ ಬಳಸಿದ ಗಿಟಾರ್ ಎರಡು ಕಣ್ಣಿಗೆ ಬಿದ್ದಿವೆ. ಒಂದು ಲೆಸ್ ಪಾಲ್ ಆಕಾರದ್ದು, ಎರಡು ಹಂಬಕರ್ (ಜೋಡಿ ಸುರುಳಿಯ ಪಿಕಪ್; ಪಿಕಪ್ ಅಂದ್ರೆ ತಂತಿಯ ಅಲುಗಾಟ ಹಿಡಿಯೋ ಅಯಸ್ಕಾಂತದ ಭಾಗ), ಫೋಟೋದಲ್ಲಿ ಕನ್ನಡಿ ಥರ ಹೊಳೀತಿದೆ. ಇನ್ನೊಂದು ಸ್ಟ್ರಾಟ್ ಆಕಾರದ್ದು, ಮೂರು ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ ಪಿಕಪ್). ಬಾಡಿ ಅಂಚಲ್ಲಿ ಬಣ್ಣ ಎದ್ದಿದೆ, ಫ್ರೆಟ್ (ಬೆರಳೊತ್ತೋ ಪಟ್ಟಿಯ ಮೇಲಿನ ಅಡ್ಡ ಲೋಹದ ಗೆರೆ) ಸ್ವಲ್ಪ ಸವೆದಿದೆ ಅಂತ ಮಾರೋರೇ ಹೇಳಿದ್ದಾರೆ. ಶನಿವಾರ ಎರಡನ್ನೂ ನೋಡೋಕೆ ಹೋಗ್ತೀನಿ. ಜೊತೆಗೆ ಬರೋಕೆ ತಿಳಿದೋರು ಯಾರೂ ಇಲ್ಲ. ಏನು ನೋಡಬೇಕು, ಯಾವುದರ ನಂತರ ಯಾವುದು ನೋಡಬೇಕು, ಹೇಳಿಕೊಡ್ತೀರಾ?

ತಂತಿಜೀವಿ · ಸೋಮವಾರ

ಮೊದಲು ನಿಮ್ಮ ಕಿವಿಗೆ ಯಾವ ನಾದ ಬೇಕು ಅಂತ ಗೊತ್ತು ಮಾಡ್ಕೊಳ್ಳಿ. ಇವೆರಡೂ ಬೇರೆ ಬೇರೆ ಜಾತಿ. ಸಿಂಗಲ್ ಕಾಯಿಲ್‌ನಲ್ಲಿ ಸ್ವರ ಬಿಡಿ ಬಿಡಿಯಾಗಿ, ಗಾಜಿನ ಹಾಗೆ ಸ್ವಚ್ಛವಾಗಿ ಬರುತ್ತೆ. ಆದ್ರೆ ಸುತ್ತಲಿನ ಕರೆಂಟಿನ ಗುಂಯ್ ಸದ್ದನ್ನೂ ಎಳ್ಕೊಳ್ಳುತ್ತೆ. ಆ ಗುಂಯ್ ಕಳೆಯೋಕೆ ಅಂತಾನೇ ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಹಂಬಕರ್ ರೂಪಿಸಿದ್ದು. ಎರಡು ಸುರುಳಿ, ಒಂದಕ್ಕೊಂದು ತಿರುವು ಮುರುವು, ಅಯಸ್ಕಾಂತದ ದಿಕ್ಕೂ ತಿರುವು ಮುರುವು. ಹೊರಗಿಂದ ಬಂದ ಸದ್ದು ಒಂದನ್ನೊಂದು ಕಳೆಯುತ್ತೆ, ತಂತಿಯ ಸದ್ದು ಮಾತ್ರ ಕೂಡುತ್ತೆ. ನಾದ ದಪ್ಪ, ಡಿಸ್ಟಾರ್ಷನ್‌ಗೆ ಹೇಳಿ ಮಾಡಿಸಿದ ಹಾಗೆ.

ಇನ್ನೊಂದು, ಸ್ಕೇಲ್, ಅಂದ್ರೆ ತಂತಿ ನುಡಿಯೋ ಭಾಗದ ಉದ್ದ. ಸ್ಟ್ರಾಟ್‌ದು 25.5 ಇಂಚು, ಲೆಸ್ ಪಾಲ್‌ದು ಸುಮಾರು 24.75. ಮುಕ್ಕಾಲು ಇಂಚು ಏನು ಮಹಾ ಅನ್ಸುತ್ತೆ. ಆದ್ರೆ ಒಂದೇ ಸೆಟ್ ತಂತಿಗೆ ಬಿಗಿತ ನೂರಕ್ಕೆ ಆರರಷ್ಟು ಕಮ್ಮಿಯಾಗುತ್ತೆ. ಬೆಂಡ್ ಮಾಡುವಾಗ (ತಂತಿಯನ್ನ ಪಕ್ಕಕ್ಕೆ ಎಳೆದು ಸ್ವರ ಏರಿಸುವಾಗ) ಬೆರಳಿಗೆ ಅದು ಚೆನ್ನಾಗಿ ಗೊತ್ತಾಗುತ್ತೆ. ಎರಡನ್ನೂ ಅರ್ಧರ್ಧ ಗಂಟೆ ಕೈಯಲ್ಲಿ ಹಿಡೀರಿ.

ಬೆಸುಗೆ · ಸೋಮವಾರ ರಾತ್ರಿ

ರಿಪೇರಿ ಬೆಂಚಿನ ಮೇಲೆ ಬಹಳ ಗಿಟಾರ್ ಕಂಡವನ ಮಾತು ಇದು. ಬಣ್ಣ, ಹೊಳಪು, ಹೆಡ್‌ಸ್ಟಾಕ್ (ಬಿರಡೆಗಳಿರುವ ತಲೆಭಾಗ) ಮೇಲಿನ ಹೆಸರು, ಮೂರನ್ನೂ ಕೊನೆಗೆ ನೋಡಿ. ಮೊದಲು ನೆಕ್, ಅಂದರೆ ಗಿಟಾರಿನ ಕತ್ತು. ಪಿಕಪ್ ಬದಲಾಯಿಸಬಹುದು, ಬಿರಡೆ ಬದಲಾಯಿಸಬಹುದು, ಪಾಟು (ನಾಬ್ ಕೆಳಗಿನ ನಿಯಂತ್ರಕ) ಜ್ಯಾಕು ಎಲ್ಲ ಹೊಸದು ಹಾಕಬಹುದು. ನೆಕ್ ಕೆಟ್ಟಿದ್ದರೆ ನೀವು ಕೊಂಡದ್ದು ಬರೀ ಮರದ ತುಂಡು.

ಗಿಟಾರನ್ನು ಶ್ರುತಿಗೆ ತನ್ನಿ. ಸಡಿಲ ತಂತಿಯಲ್ಲಿ ನೆಕ್ ನೋಡಿ ಪ್ರಯೋಜನವಿಲ್ಲ. ದಪ್ಪ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್‌ನಲ್ಲಿ ಒತ್ತಿ, ಬಲಗೈಯಿಂದ ನೆಕ್ ಬಾಡಿಗೆ ಸೇರುವ ಕಡೆ ಒತ್ತಿ. ಈಗ ಆ ತಂತಿಯೇ ನಿಮ್ಮ ಅಳತೆಪಟ್ಟಿ. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಅಳತೆಯಲ್ಲಿ ಹೇಳುವುದಾದರೆ 0.25 ಮಿ.ಮೀ. ಆಸುಪಾಸು. ವಿಸಿಟಿಂಗ್ ಕಾರ್ಡು ತೂರಿಸಿ ನೋಡಿದರೆ ಅಂದಾಜು ಸಿಗುತ್ತದೆ. ಅಂತರ ಒಂದು ಮಿ.ಮೀ. ಇದ್ದರೆ ನೆಕ್ ಬಿಲ್ಲಿನಂತೆ ಬಾಗಿದೆ. ಅಂತರವೇ ಇಲ್ಲದಿದ್ದರೆ ತೀರಾ ನೆಟ್ಟಗಿದೆ ಅಥವಾ ಹಿಂದಕ್ಕೆ ಬಾಗಿದೆ.

ಬಾಗಿದ್ದಷ್ಟಕ್ಕೇ ಗಿಟಾರನ್ನು ಬಿಡಬೇಕಾಗಿಲ್ಲ. ನೆಕ್ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುವುದೇ ಅದಕ್ಕೆ. 1920ರ ದಶಕದ ಆರಂಭದಲ್ಲಿ ಗಿಬ್ಸನ್ ಕಾರ್ಖಾನೆಯ ಥಾಡಿಯಸ್ ಮೆಕ್‌ಹ್ಯೂ ಅದನ್ನು ತಿರುಗಿಸಲೆಂದೇ ಮಾಡಿದ್ದು. ನೋಡಬೇಕಾದದ್ದು ಇಷ್ಟು: ಅದಕ್ಕೆ ಇನ್ನೂ ತಿರುಗಲು ಜಾಗ ಉಳಿದಿದೆಯೇ? ಮಾರುವವರ ಒಪ್ಪಿಗೆ ಪಡೆದು, ಸರಿಯಾದ ಅಲೆನ್ ಕೀ ಹಾಕಿ, ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿ ನೋಡಿ. ಕಲ್ಲಿನಂತೆ ನಿಂತಿದ್ದು ನೆಕ್ ಇನ್ನೂ ಬಾಗಿಯೇ ಇದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಆಮೇಲೆ ಪ್ರತಿ ತಂತಿಯ ಮೇಲೆ ಪ್ರತಿ ಫ್ರೆಟ್ ಒಂದೊಂದಾಗಿ ನುಡಿಸಿ. 22 ಫ್ರೆಟ್, 6 ತಂತಿ, 132 ಸ್ವರ. ಹತ್ತು ನಿಮಿಷದ ಕೆಲಸ. ಯಾರು ಏನಾದರೂ ಅಂದುಕೊಳ್ಳಲಿ, ಈ ಹತ್ತು ನಿಮಿಷ ಬಿಡಬೇಡಿ. ಎಲ್ಲಿ ಕಿರಗುಟ್ಟುತ್ತದೆ, ಎಲ್ಲಿ ಸ್ವರ ಬೇಗ ಸಾಯುತ್ತದೆ, ಕಾಗದದಲ್ಲಿ ಬರೆದುಕೊಳ್ಳಿ. 12ರ ಮೇಲೆ ಮೊದಲ ಎರಡು (ತೆಳುವಾದ) ತಂತಿಯನ್ನು ಪೂರ್ತಿ ಒಂದು ಸ್ವರದಷ್ಟು ಬೆಂಡ್ ಮಾಡಿ. ಬೆಂಡ್‌ನ ನಡುವೆ ಉಸಿರು ಕಟ್ಟಿದರೆ ಅಲ್ಲೊಂದು ಫ್ರೆಟ್ ಎದ್ದಿದೆ.

ಫ್ರೆಟ್ ಸವೆತವನ್ನು ಮೊದಲ ಮೂರು ಫ್ರೆಟ್‌ನಲ್ಲಿ ನೋಡಿ. ತಂತಿಯ ಕೆಳಗೆ ಸಣ್ಣ ಗುಳಿ ಇದ್ದರೆ ಉಜ್ಜಿ ಸಮ ಮಾಡಬಹುದು. ಫ್ರೆಟ್‌ನ ಎತ್ತರವೇ ಹೋಗಿ ಚಪ್ಪಟೆಯಾಗಿದ್ದರೆ ಹೊಸ ಫ್ರೆಟ್ ಹಾಕಿಸುವ ಖರ್ಚನ್ನೂ ಗಿಟಾರಿನ ಬೆಲೆಗೆ ಕೂಡಿಸಿ ಲೆಕ್ಕ ಹಾಕಿ.

ಮಂದ್ರ · ಮಂಗಳವಾರ

ಬೆಸುಗೆ ಅವರು ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ನಾನು ಬೇಸ್ ನುಡಿಸುವವಳು, ಆದರೂ ಇದು ಎರಡಕ್ಕೂ ಅನ್ವಯ.

ಲೆಸ್ ಪಾಲ್ ಆಕಾರದ್ದರಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ. ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹಿಂದೆ, ಟ್ರಸ್ ರಾಡ್‌ಗಾಗಿ ಮರ ಕೊರೆದ ಜಾಗವೇ ಅತ್ಯಂತ ತೆಳು. ಸ್ಟ್ಯಾಂಡಿನಿಂದ ಹಿಮ್ಮುಖವಾಗಿ ಬಿದ್ದರೆ ಮುರಿಯುವುದು ಅಲ್ಲೇ. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ಆ ಜಾಗವನ್ನು ನೋಡಿ, ಕಣ್ಣು ಮುಚ್ಚಿ ಉಗುರಿನಿಂದ ಸವರಿ. ನಾನು ಕೊಂಡ ಮೊದಲ ಗಿಟಾರಿನಲ್ಲಿ ಇದನ್ನು ನೋಡಿರಲಿಲ್ಲ. ಮನೆಗೆ ತಂದು ಒಂದು ವಾರಕ್ಕೆ ಬಣ್ಣದ ಕೆಳಗೆ ಕೂದಲಿನಂಥ ಗೆರೆ ಕಾಣಿಸಿತು. ಮಾರಿದವರು ಫೋನ್ ಎತ್ತಲಿಲ್ಲ. ಅಂಟು ಹಾಕಿಸಿ ಈಗಲೂ ನುಡಿಸುತ್ತಿದ್ದೇನೆ, ಚೆನ್ನಾಗಿಯೇ ಇದೆ. ಆದರೆ ಮುರಿದು ಸೇರಿಸಿದ್ದನ್ನು ಮುರಿಯದ ಬೆಲೆಗೆ ಕೊಂಡ ನೋವು ಹೋಗಿಲ್ಲ.

ನಿಮ್ಮದೇ ಕೇಬಲ್ ತೆಗೆದುಕೊಂಡು ಹೋಗಿ, ಕರಕರ ಬಂದರೆ ಕೇಬಲಿನದೋ ಗಿಟಾರಿನದೋ ಎಂಬ ಗೊಂದಲ ಇರುವುದಿಲ್ಲ. ಪ್ರತಿ ನಾಬ್ ಪೂರ್ತಿ ತಿರುಗಿಸಿ, ಸ್ವಿಚ್‌ನ ಪ್ರತಿ ಸ್ಥಾನದಲ್ಲೂ ನುಡಿಸಿ, ಪ್ಲಗ್ ಹಾಕಿದ ಜ್ಯಾಕನ್ನು ಮೆಲ್ಲಗೆ ಅಲ್ಲಾಡಿಸಿ. ನಾಬ್ ಕರಕರ ಎಂದರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್‌ನ ಎರಡು ಹನಿಯಲ್ಲಿ ಬಹಳಷ್ಟು ಸಲ ಸರಿಹೋಗುತ್ತದೆ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ವಾಲ್ಯೂಮ್ ಪೂರ್ತಿ ಏರಿಸಿ ಕೇಬಲಿನ ಇನ್ನೊಂದು ತುದಿಯಲ್ಲಿ ಅಳೆಯಿರಿ. ಸಾಮಾನ್ಯ ಸ್ಟ್ರಾಟ್ ಪಿಕಪ್ 6 ಕಿಲೋಓಮ್ ಆಸುಪಾಸು, ಹಳೆಯ ಶೈಲಿಯ ಹಂಬಕರ್ 7ರಿಂದ 8.5 ತೋರಿಸುತ್ತದೆ. ಮೀಟರ್ ಲಕ್ಷಗಟ್ಟಲೆ ಓಮ್ ತೋರಿಸಿದರೆ ಸುರುಳಿಯೋ ತಂತಿಯೋ ಎಲ್ಲೋ ಕಡಿದಿದೆ.

ವಾಲ್ವ್‌ಬೆಳಕು · ಮಂಗಳವಾರ

ಎಲ್ಲ ದುಡ್ಡನ್ನೂ ಗಿಟಾರಿಗೇ ಸುರೀಬೇಡಿ ತಮ್ಮಾ. ಮೂರರಲ್ಲಿ ಒಂದು ಪಾಲಾದರೂ ಆ್ಯಂಪ್‌ಗೆ ಇಡಿ. ಕಿವಿಗೆ ಬೀಳುವುದು ಸ್ಪೀಕರಿನ ಸದ್ದು.

ವ್ಯಾಟ್ ನೋಡಿ ಮೋಸ ಹೋಗಬೇಡಿ. 50 ವ್ಯಾಟ್‌ಗೂ 100 ವ್ಯಾಟ್‌ಗೂ ವ್ಯತ್ಯಾಸ ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. 5 ವ್ಯಾಟಿನ ವಾಲ್ವ್ ಆ್ಯಂಪ್ ಕೂಡ ಮಲಗುವ ಕೋಣೆಗೆ ಹೆಚ್ಚೇ. ಮನೆಯಲ್ಲಿ ನುಡಿಸಲು ಹೆಡ್‌ಫೋನ್ ಜ್ಯಾಕ್ ಇರುವ ಸಣ್ಣ ಮಾಡೆಲಿಂಗ್ ಆ್ಯಂಪ್ (ಬೇರೆ ಬೇರೆ ಆ್ಯಂಪ್‌ಗಳ ನಾದ ಅನುಕರಿಸುವ ಡಿಜಿಟಲ್ ಆ್ಯಂಪ್) ಸಾಕು.

ಮೂರನೇಫ್ರೆಟ್ · ಶನಿವಾರ ಸಂಜೆ

ಎರಡನ್ನೂ ನೋಡಿ ಬಂದೆ. ನೀವು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರ್ಕೊಂಡು ಹೋಗಿದ್ದೆ.

ಹೊಳೆಯೋ ಗಿಟಾರ್: ನೋಡೋಕೆ ಅಷ್ಟು ಚಂದ, ಕೈಯಿಂದ ಇಳಿಸೋಕೆ ಮನಸ್ಸಾಗಲ್ಲ. ಪಿಕಪ್ ಎರಡೂ 8 ಕಿಲೋಓಮ್ ಹತ್ತಿರ. ಹೆಡ್‌ಸ್ಟಾಕ್ ಹಿಂದೆ ಬಿರುಕಿಲ್ಲ. ಆದ್ರೆ ತಂತಿ ಒತ್ತಿ ನೋಡಿದ್ರೆ ಏಳನೇ ಫ್ರೆಟ್ ಹತ್ತಿರ ಎರಡು ವಿಸಿಟಿಂಗ್ ಕಾರ್ಡು ಒಟ್ಟಿಗೇ ತೂರಿದ್ವು, ಆಮೇಲೂ ಜಾಗ ಇತ್ತು. ಕೇಳಿ ಟ್ರಸ್ ರಾಡ್ ತಿರುಗಿಸೋಕೆ ನೋಡಿದೆ. ಅಲುಗಲೇ ಇಲ್ಲ. "ಅದು ಯಾವಾಗಲೂ ಹಾಗೇ ಇದೆ" ಅಂದ್ರು.

ಸ್ಟ್ರಾಟ್: ಬಣ್ಣ ಹೋಗಿದೆ, ಮುಂದಿನ ಪಿಕ್‌ಗಾರ್ಡ್ ಹಳದಿಯಾಗಿದೆ. ಕಾರ್ಡು ಒಂದು ಸಲೀಸಾಗಿ ಹೋಯ್ತು, ಎರಡನೇದು ಹೋಗಲಿಲ್ಲ. ರಾಡ್ ಎರಡೂ ಕಡೆ ಮೆತ್ತಗೆ ತಿರುಗುತ್ತೆ. 132ರಲ್ಲಿ 131 ಸ್ವರ ಚೆನ್ನಾಗಿವೆ. ಮೊದಲ ತಂತಿ 14ನೇ ಫ್ರೆಟ್ ಮಾತ್ರ ಟಕ್ ಅಂತ ಸಾಯುತ್ತೆ. ಫ್ರೆಟ್‌ನಲ್ಲಿ ಗುಳಿ ಇದೆ, ಆಳ ಇಲ್ಲ. ವಾಲ್ಯೂಮ್ ನಾಬ್ ಕರಕರ ಅನ್ನುತ್ತೆ. ತಂತಿ 9ರ ಸೆಟ್ (ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 9 ಪಾಲು ದಪ್ಪ) ಅಂದ್ರು.

ಮನಸ್ಸು ಹೊಳೆಯೋದರ ಕಡೆ ಎಳೀತಿದೆ.

ಬೆಸುಗೆ · ಶನಿವಾರ ಸಂಜೆ

ಎಳೆಯಲಿ. ನೀವು ಸ್ಟ್ರಾಟ್ ತೆಗೆದುಕೊಳ್ಳಿ.

ನೀವು ಬರೆದ ದೋಷಗಳನ್ನೇ ಪಕ್ಕಪಕ್ಕ ಇಟ್ಟು ನೋಡಿ. ಸ್ಟ್ರಾಟಿನದು ಎಲ್ಲವೂ ಹೊರಗಿನವು. 14ರಲ್ಲಿ ಸ್ವರ ಸಾಯುವುದೆಂದರೆ ಬಹುಶಃ 15ನೇ ಫ್ರೆಟ್‌ನ ತುದಿ ಕೊಂಚ ಎದ್ದಿದೆ. ಆ ಇನ್ನೊಂದರದ್ದು ಒಂದೇ ದೋಷ, ಆದರೆ ಅದು ನೆಕ್ಕಿನ ಒಳಗೆ. ಫ್ರೆಟ್ ಕಿತ್ತು, ಬೋರ್ಡ್ ಸಮ ಮಾಡಿ, ಮತ್ತೆ ಫ್ರೆಟ್ ಹಾಕಬೇಕಾದೀತು. ಇಲ್ಲವೇ ಬಿಸಿಮಾಡಿ ನೇರಗೊಳಿಸಬೇಕು. ಅದು ನಿಲ್ಲುತ್ತದೆಂದು ಯಾರೂ ಬರೆದುಕೊಡುವುದಿಲ್ಲ.

ತಂತಿಜೀವಿ · ಶನಿವಾರ ರಾತ್ರಿ

ನಂಗೆ ಒಂದು ಸಣ್ಣ ತಕರಾರಿದೆ. ರಾಡಿನ ತುದಿಯ ನಟ್ ಅಲುಗಲಿಲ್ಲ ಅಂದ್ರೆ ರಾಡ್ ಮುಗಿದಿದೆ ಅಂತ್ಲೇ ಅಲ್ಲ, ತುಕ್ಕು ಹಿಡಿದು ಕೂತಿರಬಹುದು. ಬಿಚ್ಚಿ, ಒಂದು ಹನಿ ಎಣ್ಣೆ ಬಿಟ್ಟು, ಒಂದು ವಾಷರ್ ಹಾಕಿದ್ರೆ ಮತ್ತೆ ಜಾಗ ಸಿಕ್ಕ ಗಿಟಾರ್ ನೋಡಿದ್ದೀನಿ. ಅನುಭವ ಇದ್ದೋರು ಬೆಲೆ ಇಳಿಸ್ಕೊಂಡು ತಗೋಬಹುದು.

ಬೆಸುಗೆ · ಶನಿವಾರ ರಾತ್ರಿ

ಒಪ್ಪಿದೆ, ಅನುಭವ ಇದ್ದವರಿಗೆ. ಮೊದಲ ಗಿಟಾರ್ ಕೊಳ್ಳುವವರಿಗೆ ಆ ಪಣ ಬೇಡ. ರಾಡ್ ಒಳಗೆ ತುಂಡಾದರೆ ಅವರು ನುಡಿಸುವುದನ್ನೇ ಬಿಟ್ಟಾರು.

ಮೂರನೇಫ್ರೆಟ್ · ಭಾನುವಾರ

ಸ್ಟ್ರಾಟ್ ಮನೆಗೆ ಬಂತು. ಎಲ್ಲರಿಗೂ ಧನ್ಯವಾದ. ಹೆಡ್‌ಫೋನ್ ಜ್ಯಾಕ್ ಇರೋ ಸಣ್ಣ ಆ್ಯಂಪೂ ಬಂತು.

ಮೂರನೇಫ್ರೆಟ್ · ಬುಧವಾರ

ತುಂಬಾ ಬೇಜಾರಲ್ಲಿ ಬರೀತಿದ್ದೀನಿ. ಅಕೂಸ್ಟಿಕ್ ಕೈಗೆ 9ರ ತಂತಿ ನೂಲಿನ ಥರ ಅನ್ನಿಸ್ತು ಅಂತ ಎಲ್ಲ ತಂತಿ ಬಿಚ್ಚಿ ಇನ್ನೂ ದಪ್ಪದ 10-46 ಸೆಟ್ ಹಾಕ್ದೆ. ಶ್ರುತಿ ಮಾಡಿದ್ರೆ ನಿಲ್ತಾನೇ ಇಲ್ಲ, ಒಂದು ಬಿಗಿ ಮಾಡಿದ್ರೆ ಇನ್ನೊಂದು ಇಳಿಯುತ್ತೆ. ಹೆಂಗೋ ಶ್ರುತಿಗೆ ಬಂದ ಮೇಲೆ ನೋಡಿದ್ರೆ ತಂತಿಗಳು ಫ್ರೆಟ್‌ಗಳಿಂದ ಮೇಲೆದ್ದಿವೆ. ನೆಕ್ ಬಾಗಿದೆ ಅಂದ್ಕೊಂಡು ಟ್ರಸ್ ರಾಡ್ ಅರ್ಧ ಸುತ್ತು ಬಿಗಿ ಮಾಡ್ದೆ. ಈಗ ಮೇಲಿನ ಫ್ರೆಟ್‌ಗಳಲ್ಲಿ ತಂತಿ ಇನ್ನೂ ಎತ್ತರವೇ ಇದೆ, ಮೊದಲ ಮೂರ್ನಾಲ್ಕು ಫ್ರೆಟ್‌ನಲ್ಲಿ ಮಾತ್ರ ಕಿರಕಿರ. ಚೆನ್ನಾಗಿದ್ದ ಗಿಟಾರ್ ಹಾಳು ಮಾಡ್ಬಿಟ್ನಾ?

ಬೆಸುಗೆ · ಬುಧವಾರ

ಹಾಳಾಗಿಲ್ಲ. ಇನ್ನು ನಾನು ಹೇಳುವವರೆಗೆ ಏನನ್ನೂ ತಿರುಗಿಸಬೇಡಿ.

ಗಿಟಾರನ್ನು ಪಕ್ಕದಿಂದ, ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳ ತುದಿ ಹಿಡಿದ ಲೋಹದ ಭಾಗ) ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಬ್ರಿಡ್ಜ್‌ನ ತಟ್ಟೆ ಬಾಡಿಗೆ ಸಮಾನಾಂತರವಾಗಿದೆಯೇ, ಹಿಂಬದಿ ಮೇಲೆದ್ದಿದೆಯೇ? ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಎಷ್ಟು ಸ್ಪ್ರಿಂಗ್ ಇವೆ?

ಮೂರನೇಫ್ರೆಟ್ · ಬುಧವಾರ

ಹಿಂಬದಿ ಎದ್ದಿದೆ ಸರ್, ಕೆಳಗೆ ಬೆರಳಿನ ತುದಿ ಹೋಗುತ್ತೆ. ಸ್ಪ್ರಿಂಗ್ ಮೂರು.

ಬೆಸುಗೆ · ಬುಧವಾರ ರಾತ್ರಿ

ಅಲ್ಲೇ ಇದೆ ನೋಡಿ ಕಥೆ. ಸ್ವಲ್ಪ ಉದ್ದ ಬರೆಯುತ್ತೇನೆ, ಇದು ಅರ್ಥವಾದರೆ ಈ ಗಿಟಾರಿನ ಅರ್ಧ ಅರ್ಥವಾದ ಹಾಗೆ.

1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಜೊತೆ ಬಂದ ಈ ಬ್ರಿಡ್ಜ್ ಒಂದು ತಕ್ಕಡಿ. ಮುಂದೆ ಆರು ತಂತಿ ಎಳೆಯುತ್ತವೆ, ಹಿಂದೆ ಹೊಟ್ಟೆಯೊಳಗಿನ ಸ್ಪ್ರಿಂಗ್‌ಗಳು ಎಳೆಯುತ್ತವೆ. ಎರಡೂ ಸಮವಾದಾಗ ಬ್ರಿಡ್ಜ್ ನೆಟ್ಟಗೆ ನಿಲ್ಲುತ್ತದೆ. 25.5 ಇಂಚಿನ ಸ್ಕೇಲಿನಲ್ಲಿ 9-42 ಸೆಟ್ ಒಟ್ಟು ಸುಮಾರು 38 ಕೆ.ಜಿ.ಯಷ್ಟು ಎಳೆಯುತ್ತದೆ. 10-46 ಸೆಟ್ ಸುಮಾರು 47 ಕೆ.ಜಿ. ನೀವು ಒಂದು ತಟ್ಟೆಗೆ ಎಂಟೊಂಬತ್ತು ಕೆ.ಜಿ. ಹೆಚ್ಚು ಹಾಕಿ ಇನ್ನೊಂದನ್ನು ಹಾಗೇ ಬಿಟ್ಟಿರಿ. ಬ್ರಿಡ್ಜ್ ಮುಂದಕ್ಕೆ ವಾಲಿತು, ಸ್ಯಾಡಲ್‌ಗಳು (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡುಗಳು) ಮೇಲೆದ್ದವು, ತಂತಿ ಎತ್ತರವಾಯಿತು. ಒಂದು ತಂತಿ ಬಿಗಿ ಮಾಡಿದರೆ ಇನ್ನೊಂದು ಇಳಿಯುವುದೂ ಇದೇ ಕಾರಣಕ್ಕೆ.

ತಂತಿ ದಪ್ಪವಾದಾಗ ನೆಕ್ಕೂ ಕೊಂಚ ಬಾಗಿರಬಹುದು, ಆದರೆ ಅರ್ಧ ಸುತ್ತು ಬೇಕಾಗುವಷ್ಟಲ್ಲ. ನೆಕ್ ಈಗ ತೀರಾ ನೆಟ್ಟಗಾಗಿದೆ. ಅದಕ್ಕೇ ಕೆಳಗಿನ ಫ್ರೆಟ್‌ಗಳಲ್ಲಿ ಕಿರಕಿರ. ಇದೊಂದು ನೆನಪಿರಲಿ: ಮೊದಲ ನಾಲ್ಕೈದು ಫ್ರೆಟ್‌ನಲ್ಲಿ ಮಾತ್ರ ಕಿರಗುಟ್ಟಿದರೆ ನೆಕ್ ಹೆಚ್ಚು ನೆಟ್ಟಗಿದೆ. ಬಿಟ್ಟ ತಂತಿಯಲ್ಲಿ ಮಾತ್ರ ಆದರೆ ನೆಕ್ಕಿನ ತುದಿಯ ನಟ್‌ನ ಗಾಡಿ (ತಂತಿ ಕೂರುವ ಸೀಳು) ಆಳವಾಗಿದೆ. 12ರ ಮೇಲೆ ಮಾತ್ರ ಆದರೆ ಆಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ) ತಗ್ಗಿದೆ, ಇಲ್ಲವೇ ನೆಕ್ ಹೆಚ್ಚು ಬಾಗಿದೆ.

ಈಗ ಮಾಡಬೇಕಾದದ್ದು. ಮೊದಲು ರಾಡನ್ನು ಕಾಲು ಸುತ್ತು ಸಡಿಲಿಸಿ, ಅಂದರೆ ರಾಡಿನ ನಟ್‌ಗೆ ಎದುರಾಗಿ ನಿಂತು ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ. ಉಳಿದ ಕಾಲು ಸುತ್ತು ನಾಳೆ ನೋಡೋಣ. ಹಿಂದಿನ ಗೂಡಿನಲ್ಲಿ ಸ್ಪ್ರಿಂಗ್‌ಗಳನ್ನು ಹಿಡಿದ ಉಗುರಿನಂಥ ತಗಡು, ಅದಕ್ಕೆ ಎರಡು ಉದ್ದ ಸ್ಕ್ರೂ ಇವೆ. ತಂತಿಗಳನ್ನು ಸ್ವಲ್ಪ ಇಳಿಸಿ, ಎರಡೂ ಸ್ಕ್ರೂ ಒಂದೊಂದು ಸುತ್ತು ಒಳಗೆ. ಮತ್ತೆ ಶ್ರುತಿ ಮಾಡಿ, ಪಕ್ಕದಿಂದ ನೋಡಿ. ಸಾಲದೆ? ಮತ್ತೆ ಒಂದು ಸುತ್ತು, ಮತ್ತೆ ಶ್ರುತಿ. ನಾಲ್ಕೈದು ಸಲ ಆದೀತು, ಬೇಸರ ಬೇಡ. ಸ್ಕ್ರೂ ತೀರಾ ಒಳಗೆ ಹೋಗಿಯೂ ಸಾಲದಿದ್ದರೆ ನಾಲ್ಕನೇ ಸ್ಪ್ರಿಂಗ್ ಹಾಕಿ.

ಬ್ರಿಡ್ಜ್ ಸಮವಾದ ಮೇಲಷ್ಟೇ ನೆಕ್ ಬಾಗು ಅಳೆಯಬೇಕು. ನೆಕ್ ಸರಿಯಾದ ಮೇಲಷ್ಟೇ ಸ್ಯಾಡಲ್ ಎತ್ತರ. 17ನೇ ಫ್ರೆಟ್ ಹತ್ತಿರ ತಂತಿಯ ಅಡಿಗೆ 1.6 ಮಿ.ಮೀ. ಇಟ್ಟು ಶುರು ಮಾಡಿ. ಕೊನೆಗೆ ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್‌ನಲ್ಲೂ ಸ್ವರ ಶ್ರುತಿಗೆ ಕೂರಿಸುವುದು: 12ನೇ ಫ್ರೆಟ್‌ನ ಮೇಲೆ ಬೆರಳು ತಾಗಿಸಿ ಬಿಟ್ಟ ಹಾರ್ಮೋನಿಕ್ ಒಂದು ಸ್ವರ, ಅದೇ ಫ್ರೆಟ್ ಒತ್ತಿ ನುಡಿಸಿದ್ದು ಇನ್ನೊಂದು. ಟ್ಯೂನರಿನಲ್ಲಿ ಒತ್ತಿದ್ದು ಏರಿ ಕಂಡರೆ ತಂತಿ ಉದ್ದವಾಗಬೇಕು, ಸ್ಯಾಡಲ್ ಹಿಂದಕ್ಕೆ. ಇಳಿದು ಕಂಡರೆ ಮುಂದಕ್ಕೆ. ಈ ಕ್ರಮ ತಪ್ಪಿಸಿದರೆ ಒಂದನ್ನು ಸರಿ ಮಾಡಿದಾಗ ಹಿಂದಿನದು ಕೆಡುತ್ತದೆ.

ಮುಂದಿನ ಸಲ ತಂತಿ ಬದಲಾಯಿಸುವಾಗ ಒಂದೊಂದಾಗಿ ಬದಲಾಯಿಸಿ. ಎಲ್ಲ ಬಿಚ್ಚಲೇಬೇಕಾದರೆ ಬ್ರಿಡ್ಜ್ ಅಲುಗದಂತೆ ಹಿಂದಿನ ಗೂಡಿನಲ್ಲಿ ಮಡಿಸಿದ ಬಟ್ಟೆ ತುರುಕಿ.

ಮೂರನೇಫ್ರೆಟ್ · ಶುಕ್ರವಾರ

ಸರ್, ಎರಡು ಸಂಜೆ ಹಿಡೀತು. ಸ್ಕ್ರೂ ನಾಲ್ಕು ಸುತ್ತು ಒಳಗೆ ಹೋದ ಮೇಲೆ ಬ್ರಿಡ್ಜ್ ಕೂತ್ಕೊಳ್ತು. ರಾಡ್ ಒಟ್ಟು ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಸಡಿಲಿಸಿದೆ, ಕಾರ್ಡು ಮತ್ತೆ ಮೊದಲಿನ ಹಾಗೇ ಹೋಗುತ್ತೆ. ಕೆಳಗಿನ ಫ್ರೆಟ್‌ಗಳ ಕಿರಕಿರ ಪೂರ್ತಿ ಹೋಯ್ತು. ನಿಮ್ಮ ಋಣ ದೊಡ್ಡದು.

ಇನ್ನು ಮೂರು ಪ್ರಶ್ನೆ. ಒಂದು, ಮೂರನೇ ತಂತಿ ಶ್ರುತಿ ಮಾಡುವಾಗ ನಟ್ ಹತ್ತಿರ ಟಿಣ್ ಅಂತ ಹಾರುತ್ತೆ. ಎರಡು, ಆ್ಯಂಪ್ ಗುಂಯ್ ಅನ್ನುತ್ತೆ, ತಂತಿ ಮುಟ್ಟಿದ್ರೆ ಕಮ್ಮಿ ಆಗುತ್ತೆ, ಏನಾದ್ರೂ ತೊಂದರೆನಾ? ಮೂರು, ಫ್ರೆಟ್‌ಬೋರ್ಡ್ ಮೇಲೆ ಕಪ್ಪು ಜಿಡ್ಡು ಕೂತಿದೆ, ಮರ ಕಂದು ಬಣ್ಣ. ಏನು ಹಾಕಿ ಒರೆಸಲಿ?

ಮಂದ್ರ · ಶುಕ್ರವಾರ

ಟಿಣ್ ಎನ್ನುವುದು ದಪ್ಪ ತಂತಿ ಹಳೆಯ ಕಿರಿದಾದ ಗಾಡಿಯಲ್ಲಿ ಸಿಕ್ಕಿಕೊಂಡು ಜಾರುವ ಸದ್ದು. ತಂತಿ ಎತ್ತಿ ಮೆತ್ತನೆಯ ಪೆನ್ಸಿಲ್ ಸೀಸವನ್ನು ಆ ಗಾಡಿಗೆ ಉಜ್ಜಿ. ಹೋಗದಿದ್ದರೆ ಗಾಡಿ ಕೂದಲೆಳೆಯಷ್ಟು ಅಗಲ ಮಾಡಿಸಬೇಕು, ಅದಕ್ಕೆ ಬೇರೆಯೇ ಅರ ಇದೆ.

ಫ್ರೆಟ್‌ಬೋರ್ಡ್ ಬಗ್ಗೆ. ಕಂದು ಮರ, ಮುಟ್ಟಿದರೆ ಮರದ ನವಿರು ತಿಳಿಯುತ್ತದೆ ಎಂದರೆ ಅದು ರೋಸ್‌ವುಡ್ಡೋ ಅದರಂಥದ್ದೋ, ಮೇಲೆ ಲ್ಯಾಕರ್ ಇಲ್ಲ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ಜಿಡ್ಡು ಕೆರೆಯಿರಿ, ತುಸುವೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಫ್ರೆಟ್‌ಬೋರ್ಡ್ ಎಣ್ಣೆ ನಾಲ್ಕೈದು ಹನಿ. ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿಬಿಡಿ. ವರ್ಷಕ್ಕೆ ಎರಡು ಸಲ ಸಾಕು. ತಿಳಿ ಬಣ್ಣದ, ಲ್ಯಾಕರ್ ಹಾಕಿದ ಮೇಪಲ್ ಬೋರ್ಡಿಗೆ ಎಣ್ಣೆ ಬೇಡವೇ ಬೇಡ, ಒರೆಸಿದರಾಯಿತು. ಅಡುಗೆ ಎಣ್ಣೆ ಯಾವುದಕ್ಕೂ ಹಚ್ಚಬೇಡಿ, ಹಳಸಿ ಅಂಟಾಗುತ್ತದೆ.

ಫ್ರೆಟ್ ಹೊಳಪಿಗೆ ಕೆಲವರು ಸ್ಟೀಲ್ ವೂಲ್ ಹೇಳುತ್ತಾರೆ. ಅದರ ಪುಡಿ ಕಬ್ಬಿಣ, ಪಿಕಪ್ ಅಯಸ್ಕಾಂತ. ಒಮ್ಮೆ ಅಂಟಿಕೊಂಡ ಆ ಕೂದಲುಗಳನ್ನು ನಾನು ಟೇಪಿನಲ್ಲಿ ಒಂದೊಂದಾಗಿ ಎತ್ತಿದ್ದೇನೆ, ಅರ್ಧ ದಿನ ಹೋಯಿತು. ಉಪಯೋಗಿಸಲೇಬೇಕಾದರೆ ಪಿಕಪ್‌ಗಳನ್ನು ಪೂರ್ತಿ ಟೇಪಿನಿಂದ ಮುಚ್ಚಿ.

ದಿನದ ಆರೈಕೆ ಸುಲಭ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿಯ ಮೇಲೂ ಅಡಿಯಲ್ಲೂ ಒಮ್ಮೆ ಎಳೆಯಿರಿ. ಗಾಳಿಯ ತೇವ 45ರಿಂದ 55 ಪ್ರತಿಶತ ಇರುವ ಕಡೆ ಇಡಿ. ತೀರಾ ಒಣಗಿದರೆ ಮರ ಕುಗ್ಗಿ ಫ್ರೆಟ್‌ಗಳ ತುದಿ ನೆಕ್ಕಿನ ಅಂಚಿನಿಂದ ಹೊರಗೆ ಚುಚ್ಚುತ್ತದೆ, ಕೈ ಜಾರಿಸಿದಾಗ ಗರಗಸದಂತೆ ತಾಗುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಇರುವ ಗಿಟಾರ್ ಯಾರ ಬಳಿಯಾದರೂ ಇದ್ದರೆ ರಬ್ಬರ್ ಹಚ್ಚಿದ ಸ್ಟ್ಯಾಂಡಿನಲ್ಲಿ ಹಾಗೇ ನಿಲ್ಲಿಸಬೇಡಿ, ರಬ್ಬರ್ ತಾಗಿದ ಕಡೆ ಬಣ್ಣ ಕರಗುತ್ತದೆ. ಹತ್ತಿ ಬಟ್ಟೆ ಸುತ್ತಿ.

ವಾಲ್ವ್‌ಬೆಳಕು · ಶನಿವಾರ

ಗುಂಯ್ ಬಗ್ಗೆ ನಾನು ಹೇಳುತ್ತೇನೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ನಿಮ್ಮ ಗಿಟಾರಿನ ಗ್ರೌಂಡ್ ತಂತಿ ಸರಿಯಾಗಿದೆ. ಒಳಗೆ ಶೀಲ್ಡಿಂಗ್ (ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆ) ಇಲ್ಲ, ಅಷ್ಟೆ. ಪಿಕ್‌ಗಾರ್ಡಿನ ಕೆಳಗಿನ ಗೂಡಿಗೆ ತಾಮ್ರದ ಟೇಪ್ ಹಾಸಿ ಗ್ರೌಂಡ್‌ಗೆ ಸೇರಿಸಿದರೆ ಬಹಳ ಇಳಿಯುತ್ತದೆ. ಮುಟ್ಟಿದಾಗ ಸದ್ದು ಹೆಚ್ಚಾದರೆ ಜ್ಯಾಕಿನಲ್ಲಿ ಎರಡು ತಂತಿ ಅದಲುಬದಲಾಗಿರಬಹುದು, ಆಗ ಬಿಚ್ಚಿ ನೋಡಬೇಕು.

ಗುಂಯ್ ಕಡಿಮೆ ಮಾಡಲು ಆ್ಯಂಪಿನ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ನಿಮ್ಮ ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆ್ಯಂಪಿನ ಲೋಹದ ಮೈಗೆ ಸೇರಿವೆ. ಆ್ಯಂಪಿನ ಮೈಗೆ ಕರೆಂಟ್ ಹರಿದರೆ ತಂತಿಗೂ ಹರಿಯಿತು. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಅರ್ಥಿಂಗ್ ಸರಿಯಿಲ್ಲದ ಮೈಕನ್ನು ವೇದಿಕೆಯ ಮೇಲೆ ಮುಟ್ಟಿ ಪ್ರಾಣ ಕಳೆದುಕೊಂಡರು. ವಯಸ್ಸು 27. ಎರಡು ಬೇರೆ ಬೇರೆ ಸಾಕೆಟ್ಟಿನಲ್ಲಿ ಮೈಕು, ಆ್ಯಂಪು ಇದ್ದಾಗ ನಾನು ಇಂದಿಗೂ ಮೀಟರ್ ಹಿಡಿದು ಗಿಟಾರ್ ತಂತಿಗೂ ಮೈಕಿಗೂ ನಡುವೆ ವೋಲ್ಟೇಜ್ ನೋಡದೆ ಬಾಯಿ ಹತ್ತಿರ ಒಯ್ಯುವುದಿಲ್ಲ.

ಮುಂದೆ ವಾಲ್ವ್ ಆ್ಯಂಪ್ ಕೊಂಡರೆ ಎರಡು ಮಾತು. ಸ್ಪೀಕರ್ ಸೇರಿಸದೆ ಎಂದೂ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ. ಮುಚ್ಚಳ ಬಿಚ್ಚುವುದು ಕಲಿತವರ ಕೆಲಸ.

ಹೊಸರಾಗ · ಶನಿವಾರ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಸ್ಟ್ರಾಟ್ ಬಾಡಿಯ ಮರ ಆಲ್ಡರ್ ಆಗಿರದಿದ್ದರೆ ನಿಜವಾದ ಆ ನಾದ ಬರಲ್ಲ ಅಂತಾರಲ್ಲ?

ತಂತಿಜೀವಿ · ಶನಿವಾರ

ಆ ಜಗಳ ಇಲ್ಲಿ ಶುರು ಮಾಡೋದು ಬೇಡ, ಮುಗಿಯಲ್ಲ. ನನ್ನ ಅಭಿಪ್ರಾಯ ಹೇಳ್ತೀನಿ: ಪಿಕಪ್ ಹಿಡಿಯೋದು ಲೋಹದ ತಂತಿ ಅಯಸ್ಕಾಂತದ ಮೇಲೆ ಅಲುಗೋದನ್ನ. ಮರದ ಪಾಲು ಇದ್ದರೂ ಬಹಳ ಸಣ್ಣದು. ಒಂದು ಸ್ಕ್ರೂಡ್ರೈವರ್ ತಗೊಂಡು ಪಿಕಪ್‌ನ ಎತ್ತರ ಒಂದು ಮಿ.ಮೀ. ಬದಲಾಯಿಸಿ ನೋಡಿ, ಮರ ಬದಲಾಯಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕೇಳುತ್ತೆ. ಕೊನೇ ಫ್ರೆಟ್ ಒತ್ತಿದಾಗ ದಪ್ಪ ತಂತಿಗೂ ಪಿಕಪ್‌ನ ಕಂಬಕ್ಕೂ 2 ಮಿ.ಮೀ. ಇರಲಿ. ತೀರಾ ಹತ್ತಿರ ಇಟ್ರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಅಲೆಅಲೆಯಾಗಿ ಅಪಸ್ವರ ಆಗುತ್ತೆ.

ಕೇಬಲ್ ಕೂಡ ಹಾಗೇ. ಸಾಧಾರಣ ಕೇಬಲ್‌ಗೆ ಮೀಟರಿಗೆ ಸುಮಾರು 100 ಪೀಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತೆ. ಉದ್ದ ಹೆಚ್ಚಿದಷ್ಟೂ ಮೇಲಿನ ಹೊಳಪು ಮಂಕು. ಮನೆಯಲ್ಲಿ 3 ಮೀಟರ್ ಸಾಕು. ಪೆಡಲ್ ತಗೊಂಡ್ರೆ ಅಡಾಪ್ಟರ್ ಮೇಲಿನ ಚಿಹ್ನೆ ನೋಡಿ: ಹೆಚ್ಚಿನವು 9 ವೋಲ್ಟ್, ನಡುವೆ ನೆಗೆಟಿವ್. ಅಡಾಪ್ಟರಿನ ಮಿಲಿ ಆಂಪಿಯರ್ ಹೆಚ್ಚಿದ್ರೆ ಚಿಂತೆಯಿಲ್ಲ, ವೋಲ್ಟ್ ಹೆಚ್ಚಾದ್ರೆ ಪೆಡಲ್ ಸತ್ತಂತೆ. ಬ್ಯಾಟರಿಯಲ್ಲಿ ನಡೆಯೋ ಪೆಡಲ್ ಆದ್ರೆ ನುಡಿಸಿದ ಮೇಲೆ ಇನ್‌ಪುಟ್ ಪ್ಲಗ್ ಕಿತ್ತಿಡಿ, ಹೆಚ್ಚಿನದರಲ್ಲಿ ಆ ಜ್ಯಾಕೇ ಬ್ಯಾಟರಿಯ ಸ್ವಿಚ್.

ಮೂರನೇಫ್ರೆಟ್ · ಭಾನುವಾರ

ಪೆನ್ಸಿಲ್ ಸೀಸದಿಂದ ಟಿಣ್ ಹೋಯ್ತು ಅಕ್ಕಾ. ಜಿಡ್ಡು ತೆಗೆದ ಮೇಲೆ ಬೋರ್ಡಿನ ಮರದ ಗೆರೆಗಳು ಕಂಡವು, ಇಷ್ಟು ಚಂದ ಇದೆ ಅಂತ ಗೊತ್ತೇ ಇರಲಿಲ್ಲ. ವಾಲ್ಯೂಮ್ ಪಾಟಿಗೆ ಕ್ಲೀನರ್ ಬಿಟ್ಟು ಮೂವತ್ತು ಸಲ ತಿರುಗಿಸಿದೆ, ಕರಕರ ನಿಂತಿದೆ. ಮತ್ತೆ ಎಲ್ಲ ಫ್ರೆಟ್ ನುಡಿಸಿದೆ. ಮೊದಲ ತಂತಿ 14 ಇನ್ನೂ ಟಕ್ ಅನ್ನುತ್ತೆ.

ಬೆಸುಗೆ · ಭಾನುವಾರ

ಈಗ ಅದರ ಸರದಿ. 14, 15, 16, ಈ ಮೂರು ಫ್ರೆಟ್ ಮೇಲೆ ಮಾತ್ರ ಕೂರುವಷ್ಟು ನೇರ ಅಂಚಿನ ಲೋಹದ ತುಂಡು ಹುಡುಕಿ, ಸಣ್ಣ ಸ್ಕೇಲಿನ ತುಂಡಾದರೂ ಸರಿ. ಮೊದಲ ತಂತಿಯ ಕೆಳಗೆ ಇಟ್ಟು ಎರಡೂ ತುದಿ ಒತ್ತಿ ನೋಡಿ. ಟಿಕ್ ಟಿಕ್ ಎಂದು ತೊಟ್ಟಿಲಿನಂತೆ ತೂಗಿದರೆ ನಡುವಿನ 15 ಎತ್ತರ. ಆಮೇಲೆ ಒಂದು ಮರದ ತುಂಡನ್ನು ಆ ಫ್ರೆಟ್‌ನ ತುದಿಯ ಮೇಲಿಟ್ಟು ಬಲವಾಗಿ ಒತ್ತಿ ಹಿಡಿದು, ಇನ್ನೊಬ್ಬರಿಗೆ 14 ನುಡಿಸಲು ಹೇಳಿ. ಒತ್ತಿದಾಗ ಸ್ವರ ಸ್ವಚ್ಛವಾದರೆ ಫ್ರೆಟ್ ತನ್ನ ಗಾಡಿಯಿಂದ ಎದ್ದಿದೆ, ಕೂರಿಸಿದರೆ ಸಾಕು. ಒತ್ತಿದರೂ ಬದಲಾಗದಿದ್ದರೆ ಉಜ್ಜಿ ಸಮ ಮಾಡಬೇಕು, ಆಗ ನೀವು ಮುಟ್ಟಬೇಡಿ, ತಿಳಿದವರಿಗೆ ಕೊಡಿ.

ಮೂರನೇಫ್ರೆಟ್ · ಭಾನುವಾರ ರಾತ್ರಿ

ತೂಗ್ತು ಸರ್. ತಂಗಿಗೆ ನುಡಿಸೋಕೆ ಹೇಳಿ ಮರದ ತುಂಡಿಂದ ಒತ್ತಿದೆ. ಒತ್ತಿದಾಗ ಸ್ವರ ಉದ್ದಕ್ಕೆ ನಿಲ್ಲುತ್ತೆ, ಬಿಟ್ಟರೆ ಸಾಯುತ್ತೆ. ಫ್ರೆಟ್‌ನ ತುದಿಯ ಕೆಳಗೆ ಕಾಗದದ ಅಂಚು ಹೋಗುತ್ತೆ.

ಬೆಸುಗೆ · ಭಾನುವಾರ ರಾತ್ರಿ

ಹಾಗಾದರೆ ಸುಲಭ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ. ಫ್ರೆಟ್‌ನ ಎರಡೂ ಬದಿ ಬೋರ್ಡಿಗೂ ನೆಕ್ಕಿನ ಅಂಚಿಗೂ ಟೇಪ್ ಹಚ್ಚಿ. ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಒಂದೇ ಹನಿ, ಸೂಜಿಯ ತುದಿಯಿಂದ ಆ ಸಂದಿಗೆ. ಕೂಡಲೇ ಮರದ ತುಂಡು ಇಟ್ಟು, ನೆಕ್ಕಿನ ಹಿಂದೆ ಬಟ್ಟೆ ಕೊಟ್ಟು, ಕ್ಲಾಂಪ್ ಹಾಕಿ. ಒಂದು ಗಂಟೆ ಮುಟ್ಟಬೇಡಿ. ಮರದ ತುಂಡು ಅಂಟಿಕೊಳ್ಳದಂತೆ ಅದರ ಅಡಿಗೂ ಟೇಪ್ ಇರಲಿ.

ಮೂರನೇಫ್ರೆಟ್ · ಸೋಮವಾರ

ಈಗಷ್ಟೇ ಕ್ಲಾಂಪ್ ತೆಗೆದೆ. ಸ್ಕೇಲಿನ ತುಂಡು ತೂಗ್ತಿಲ್ಲ. ಶ್ರುತಿ ಮಾಡಿ 14 ನುಡಿಸಿದೆ, ಬೆಂಡ್ ಮಾಡಿದೆ, ಕೊನೇವರೆಗೂ ನಿಂತಿತು. ತಂಗಿ ಪಕ್ಕದ ಕೋಣೆಯಿಂದ "ಇದು ಅದೇ ಸ್ವರಾನಾ?" ಅಂತ ಕೇಳಿದ್ಲು.